ಮಗುವಿನ ಮೈಮೇಲೆ ಬಿಸಿ ಸಾರು ಚೆಲ್ಲಿದಾಗ ಮೊದಲು ಏನು ಮಾಡಬೇಕು?

ಪ್ರಶ್ನೆ

ಕಳೆದ ವಾರ ನಮ್ಮ 2 ವರ್ಷದ ಮಗಳು, ಆಗಷ್ಟೇ ಒಲೆಯಿಂದ ಇಳಿಸಿ ನೆಲದ ಮೇಲಿಟ್ಟಿದ್ದ ಸಾರಿನ ಪಾತ್ರೆಯನ್ನು ಎಳೆದು, ಎಡಗೈ ಮತ್ತು ಹೊಟ್ಟೆಯ ಮೇಲೆ ಚೆಲ್ಲಿಕೊಂಡಳು. ಅತ್ತೆಯವರು ಗಾಬರಿಯಲ್ಲಿ ಟೂತ್‌ಪೇಸ್ಟ್ ಬಳಿದರು. ನಾನು ಫ್ರಿಜ್‌ನಿಂದ ಐಸ್ ತಂದು ಒತ್ತಿದೆ. ಆಸ್ಪತ್ರೆಯಲ್ಲಿ ಆ ಪೇಸ್ಟನ್ನು ತೊಳೆದು ತೆಗೆಯುವಾಗ ಮಗು ಪಟ್ಟ ನೋವು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಾಯವೇನೋ ಮಾಯುತ್ತಿದೆ. ಆ ಮೊದಲ ನಿಮಿಷಗಳಲ್ಲಿ ನಾವು ಏನು ಮಾಡಬೇಕಿತ್ತು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್

ನಿಮ್ಮನ್ನು ನೀವೇ ದೂಷಿಸಿಕೊಳ್ಳಬೇಡಿ; ವಾರ್ಡಿಗೆ ಬರುತ್ತಿದ್ದ ಎಷ್ಟೋ ಮಕ್ಕಳ ಗಾಯದ ಮೇಲೆ ಪೇಸ್ಟೋ ಅರಿಶಿನವೋ ಇರುತ್ತಿತ್ತು. ಬೇಕಾದದ್ದು ನಲ್ಲಿಯ ತಣ್ಣೀರು ಮಾತ್ರ, ಅದೂ ಗಡಿಯಾರ ನೋಡಿಕೊಂಡು ಪೂರ್ತಿ 20 ನಿಮಿಷ. ಮೇಲ್ಚರ್ಮ ತಣ್ಣಗಾದಂತೆ ಕಂಡರೂ ಒಳಗೆ ಉಳಿದ ಬಿಸಿ ಇನ್ನೂ ಆಳಕ್ಕೆ ಸುಡುತ್ತಲೇ ಇರುತ್ತದೆ. ಮಕ್ಕಳ ಚರ್ಮ ತೆಳುವಾದ್ದರಿಂದ ಅದು ಬೇಗ ಆಳಕ್ಕಿಳಿಯುತ್ತದೆ. ಕೂಡಲೇ ಆಗದಿದ್ದರೂ 3 ಗಂಟೆಯೊಳಗೆ ನೀರು ಹಾಯಿಸಿದರೆ ಪ್ರಯೋಜನವಿದೆ. ಐಸ್ ಮಾತ್ರ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಹೆಚ್ಚಿಸುತ್ತದೆ.

ನೀರು ಹಾಯಿಸುತ್ತಲೇ ನೆನೆದ ಬಟ್ಟೆ, ಡೈಪರ್, ಬಳೆ, ಉಡಿದಾರಗಳನ್ನು ತೆಗೆಯಿರಿ, ಏಕೆಂದರೆ ಬಟ್ಟೆ ಬಿಸಿಯನ್ನು ಹಿಡಿದಿಡುತ್ತದೆ ಮತ್ತು ಕೈ ಊದಿಕೊಂಡ ಮೇಲೆ ಬಳೆ ಹೊರಬರುವುದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಮಗುವಿನ ಉಳಿದ ಮೈಯನ್ನು ಹೊದಿಸಿ ಬೆಚ್ಚಗಿಡಿ.

ಉತ್ತರ 2: ಹಳ್ಳಿಯಲ್ಲಿರುವ ತಂದೆ

ನಮ್ಮಲ್ಲಿ ನಲ್ಲಿಯ ನೀರು ಎಲ್ಲ ಹೊತ್ತಿನಲ್ಲೂ ಬರುವುದಿಲ್ಲ. ಮಗನ ಕಾಲಿನ ಮೇಲೆ ಹಂಡೆಯ ನೀರು ಬಿದ್ದಾಗ ಬಿಂದಿಗೆಯಿಂದ ಚೊಂಬಿನಲ್ಲಿ ಒಂದೇ ಸಮನೆ ಸುರಿದೆವು. ಅದು ಸರಿಯೇ? ಬೊಬ್ಬೆಯನ್ನು ಒಡೆಯಬಹುದೇ? ಆಸ್ಪತ್ರೆಗೆ ಯಾವಾಗ ಹೋಗಲೇಬೇಕು?

ಉತ್ತರ 1, ಮತ್ತೆ

ಸರಿಯಾಗಿಯೇ ಮಾಡಿದ್ದೀರಿ. ಬೊಬ್ಬೆಯನ್ನು ಮನೆಯಲ್ಲಿ ಒಡೆಯಬಾರದು. ತುಪ್ಪ, ಇಂಕು, ಅರಿಶಿನ ಯಾವುದನ್ನೂ ಹಚ್ಚಬೇಡಿ. ಅರಿಶಿನದ ಬಣ್ಣ ಹತ್ತಿದರೆ ಗಾಯ ಎಷ್ಟು ಆಳವಾಗಿದೆ ಎಂದು ವೈದ್ಯರಿಗೆ ಕಾಣುವುದೇ ಇಲ್ಲ. ನೀರು ಹಾಯಿಸಿದ ಮೇಲೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು.

ಗಾಯವು ಮಗುವಿನದೇ ಅಂಗೈಗಿಂತ ದೊಡ್ಡದಿದ್ದರೆ, ಬೊಬ್ಬೆ ಎದ್ದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ವಿದ್ಯುತ್ತಿನಿಂದ ಇಲ್ಲವೇ ಆಸಿಡ್‌ನಿಂದ ಆಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಒಂದು ವರ್ಷದೊಳಗಿನ ಕೂಸಾದರೆ ಗಾಯ ಚಿಕ್ಕದಾದರೂ ತೋರಿಸಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್‌ಗೆ ಕಾಯುತ್ತಲೇ ಆ 20 ನಿಮಿಷ ನೀರು ಹಾಯಿಸುವುದನ್ನು ಪೂರ್ತಿ ಮಾಡಿ.

ಪ್ರಶ್ನೆ ಕೇಳಿದವರು

ಇದನ್ನು ಅತ್ತೆಯವರಿಗೆ ಓದಿ ಹೇಳಿದೆ. ಇನ್ನು ಮುಂದೆ ಬಿಸಿ ಪಾತ್ರೆಯನ್ನು ನೆಲದ ಮೇಲೆ ಇಡುವುದಿಲ್ಲವೆಂದು ಅವರೇ ಹೇಳಿ, ಅಡುಗೆಕಟ್ಟೆಯ ಒಳಮೂಲೆಯಲ್ಲಿ ಜಾಗ ಮಾಡಿದ್ದಾರೆ.