ಪದಚರ್ಚೆ: ಪ್ರೀ-ಫ್ಲ್ಯಾಶ್‌ಗೆ ‘ಮುಮ್ಮಿಂಚು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ಯಾಮೆರಾದ ‘ಪ್ರೀ-ಫ್ಲ್ಯಾಶ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಇನ್ನೂ ಒಂದೆರಡು ಪದಗಳಿವೆ, ಕೊನೆಯಲ್ಲಿ ಕೇಳುತ್ತೇನೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವ ಗೆಳೆಯರಿಗಾಗಿ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ನೀರು ನುಗ್ಗದ ಹೌಸಿಂಗ್‌ನಲ್ಲಿಟ್ಟು, ಪಕ್ಕಕ್ಕೊಂದು ಸ್ಟ್ರೋಬ್ (ನೀರಿನೊಳಗೆ ಬಳಸುವ ಹೊರಗಿನ ಫ್ಲ್ಯಾಶ್) ಸಿಕ್ಕಿಸಿಕೊಂಡು ಫೋಟೋ ತೆಗೆಯುವವರು ಇವರು. ಓಲಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ ಹಿಡಿದು ಓದುವ ಹಾಳೆ. ಪದ ನೋಡಿದ ಕೂಡಲೇ ಯಾವ ನಾಬ್ ತಿರುಗಿಸಬೇಕು ಅಂತ ಹೊಳೆಯಬೇಕು.

ಮೊದಲು ಸಂಗತಿ ಹೇಳಿಬಿಡುತ್ತೇನೆ. ನೀರಿನಲ್ಲಿ 5-6 ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಣ್ಣ ಬಹುಪಾಲು ಮಾಯ. ಎಲ್ಲಾ ನೀಲಿ-ಹಸಿರು. ಬಣ್ಣ ಬೇಕೆಂದರೆ ಬೆಳಕನ್ನು ನಾವೇ ಒಯ್ಯಬೇಕು, ಅದಕ್ಕೇ ಸ್ಟ್ರೋಬ್. ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವೈರ್ ಹಾಕುವುದಿಲ್ಲ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಬೆಳಗುತ್ತದೆ, ಆ ಬೆಳಕು ಫೈಬರ್ ಕೇಬಲ್ ಹಿಡಿದು ಸ್ಟ್ರೋಬ್‌ನ ಸೆನ್ಸರ್‌ಗೆ ಹೋಗುತ್ತದೆ, ಅದನ್ನು ಕಂಡು ಸ್ಟ್ರೋಬ್ ಹೊಡೆಯುತ್ತದೆ. ಅಷ್ಟೇ.

ತೊಡಕು ಇರುವುದು ಇಲ್ಲಿ. ಆಟೋ ಫ್ಲ್ಯಾಶ್‌ನಲ್ಲಿ ಕ್ಯಾಮೆರಾ ಎರಡು ಸಲ ಬೆಳಕು ಬಿಡುತ್ತದೆ. ಮೊದಲನೆಯದು ಅಳತೆಗೆ: ಎಷ್ಟು ಬೆಳಕು ಬೇಕು ಅಂತ ನೋಡಿಕೊಳ್ಳಲು. ಇದೇ ಪ್ರೀ-ಫ್ಲ್ಯಾಶ್. ಎರಡನೆಯದು ಫೋಟೋಗೆ. ನಡುವೆ ಎಷ್ಟು ಕಡಿಮೆ ಹೊತ್ತು ಅಂದರೆ ನಮ್ಮ ಕಣ್ಣಿಗೆ ಎರಡೂ ಒಂದೇ. ಸ್ಟ್ರೋಬ್‌ಗೆ ಇದು ಗೊತ್ತಿಲ್ಲದಿದ್ದರೆ ಮೊದಲನೆಯದಕ್ಕೇ ಹೊಡೆದು ಕೂತುಬಿಡುತ್ತದೆ. ಫೋಟೋ ಕಪ್ಪು. ‘ಸ್ಟ್ರೋಬ್ ಹೊಡೀತು ಕಣ್ರೀ, ನಾನೇ ನೋಡಿದೆ, ಫೋಟೋದಲ್ಲಿ ಮಾತ್ರ ಬೆಳಕೇ ಇಲ್ಲ’ ಅಂತ ಹೇಳುವವರ ಕಥೆ ಹೆಚ್ಚಾಗಿ ಇದೇ. ಸ್ಟ್ರೋಬ್ ಕೆಟ್ಟಿಲ್ಲ, ಅವಸರ ಮಾಡಿದೆ.

ಪ್ರೀ-ಫ್ಲ್ಯಾಶ್‌ಗೆ ನನಗೆ ಮೊದಲು ಹೊಳೆದದ್ದು ‘ಮುಮ್ಮಿಂಚು’. ಮುಂಗಾರು, ಮುಂಜಾವು, ಮುನ್ನುಡಿ ಇದ್ದ ಹಾಗೆ. ಕೇಳಲು ಚೆನ್ನಾಗಿದೆ, ಆದರೆ ಮುಮ್ಮಡಿ ಇದೆಯಲ್ಲ! ಮುಮ್ಮಡಿ ಕೃಷ್ಣರಾಜ ಒಡೆಯರು ಮೂರನೆಯವರು, ಮುಂದಿನವರಲ್ಲ. ಮುಕ್ಕಣ್ಣನ ದೊಡ್ಡ ಮೂರ್ತಿ ನೋಡಿಕೊಂಡೇ ದೋಣಿ ಹತ್ತುವವರಿಗೆ ಮುಮ್ಮಿಂಚು ಅಂದರೆ ಮೂರು ಮಿಂಚು ಅಂತಲೇ ಅನ್ನಿಸಬಹುದು. ಇದು ಸುಮ್ನೆ ತಕರಾರಲ್ಲ. ಕೆಂಗಣ್ಣು ತಪ್ಪಿಸುವ ರೆಡ್-ಐ ಸೆಟ್ಟಿಂಗ್ ಇಟ್ಟರೆ ಕ್ಯಾಮೆರಾ ಫೋಟೋಗೆ ಮುಂಚೆ ಹಲವು ಸಲ ಬೆಳಕು ಬಿಡಬಹುದು, ಆಗ ಸ್ಟ್ರೋಬ್‌ಗೆ ಲೆಕ್ಕ ತಪ್ಪುತ್ತದೆ. ಹಾಗಾಗಿ ‘ಮೊದಲು ಬರುವುದು’ ಮತ್ತು ‘ಮೂರು ಸಲ ಬರುವುದು’ ಬೇರೆ ಬೇರೆ ಅಂತ ಪದದಲ್ಲೇ ಗೊತ್ತಾಗಬೇಕು. ‘ಮುನ್ಮಿಂಚು’ ಅಂದರೆ ಗೊಂದಲವಿಲ್ಲ, ಆದರೆ ಬಾಯಿಗೆ ಹತ್ತುವುದಿಲ್ಲ, ಅಲ್ವಾ?

ಕೆಲವು ಸ್ಟ್ರೋಬ್‌ಗಳ ನಾಬ್ ಮೇಲೆಯೇ ಇದಕ್ಕೆ ಗುರುತಿದೆ: ಒಂದು ಕಡೆ ಒಂದೇ ಮಿಂಚಿನ ಚಿತ್ರ, ಇನ್ನೊಂದು ಕಡೆ ಅಕ್ಕಪಕ್ಕ ಎರಡು. ಒಂದು ಅಂದರೆ ಕಂಡ ಮೊದಲ ಬೆಳಕಿಗೇ ಹೊಡಿ, ಎರಡು ಅಂದರೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೊಡಿ. ಇದನ್ನು ನೋಡಿ ‘ಒಂಟಿಮಿಂಚು’, ‘ಜೋಡಿಮಿಂಚು’ ಅಂತ ಬರೆದುಕೊಂಡೆ. ಕ್ಯಾಮೆರಾ ಆಟೋ ಫ್ಲ್ಯಾಶ್‌ನಲ್ಲಿದ್ದರೆ ಸ್ಟ್ರೋಬ್ ಜೋಡಿಮಿಂಚಿಗೆ ಇಡಿ. ಕ್ಯಾಮೆರಾದ ಫ್ಲ್ಯಾಶನ್ನು ಮ್ಯಾನುಯಲ್‌ಗೆ ಇಟ್ಟರೆ ಹಲವು ಮಾಡೆಲ್‌ಗಳಲ್ಲಿ ಅಳತೆಯ ಬೆಳಕು ಬರುವುದೇ ಇಲ್ಲ, ಆಗ ಒಂಟಿಮಿಂಚಿಗೆ ಇಡಿ. ನನ್ನ ಮಟ್ಟಿಗೆ ಇದು ‘ಮುಮ್ಮಿಂಚು’ಗಿಂತ ಮೇಲು. ಪ್ರೀ-ಫ್ಲ್ಯಾಶ್ ಅನ್ನುವ ಒಂದು ಬೆಳಕಿಗೆ ಹೆಸರಿಡುವ ಬದಲು ಎರಡರ ಜೋಡಿಗೇ ಹೆಸರಿಟ್ಟ ಹಾಗಾಯಿತು, ಅದು ಸರಿಯೇ ಅನ್ನುವುದು ವ್ಯಾಕರಣ ಬಲ್ಲವರಿಗೆ ಬಿಟ್ಟದ್ದು.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಕನ್ನಡಿ ಮುಂದೆ ನಿಂತು, ಲೈಟ್ ಆರಿಸಿ, ಸ್ಟ್ರೋಬನ್ನು ಕನ್ನಡಿ ಕಡೆ ತಿರುಗಿಸಿ ಫೋಟೋ ತೆಗೆಯಿರಿ. ಫೋಟೋದಲ್ಲಿ ಸ್ಟ್ರೋಬ್‌ನ ಮುಖ ಬೆಳ್ಳಗೆ ಉರಿಯುತ್ತಿದ್ದರೆ ಹೊತ್ತಿಗೆ ಸರಿಯಾಗಿ ಹೊಡೆದಿದೆ. ಮುಖ ಕಪ್ಪಾಗಿದ್ದರೆ ನಾಬ್ ತಿರುಗಿಸಿ ಇನ್ನೊಂದು ತೆಗೆಯಿರಿ. ಇಂಥ ಕಡೆ ‘ಸ್ಟ್ರೋಬ್ ಮಿಂಚಿ ಹೋಯಿತು’ ಅಂತ ಬರೆಯಲು ಕೈ ತುರಿಸುತ್ತದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುವಾಗಿನ ‘ಮಿಂಚು’, ಅಂದರೆ ಹೊತ್ತು ಮೀರುವುದು, ಇಲ್ಲಿ ಬೆಳಕಿನ ಮಿಂಚಿನ ಜೊತೆಗೇ ಕೂತುಬಿಡುತ್ತದೆ.

ಇನ್ನು ‘ಸ್ಟ್ರೋಬ್’. ಡಿಜೆ ಲೈಟ್ ನೋಡಿದವರಿಗೆ ಸ್ಟ್ರೋಬ್ ಅಂದರೆ ಪಟಪಟ ಮಿಣುಕುವ ದೀಪ. ಪದದ ಬೇರು ಗ್ರೀಕಿನದು: ಸುತ್ತುವುದು, ಗಿರಕಿ ಹೊಡೆಯುವುದು ಅಂತ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಇಂಥ ಎಲೆಕ್ಟ್ರಾನಿಕ್ ಬೆಳಕನ್ನು ಫೋಟೋಗೆ ಪಳಗಿಸಿದರು, ಮುಂದೆ ಫ್ರಾನ್ಸಿನ ಕಡಲ ಅನ್ವೇಷಕ ಕುಸ್ತೋ ತಂಡದ ಜೊತೆ ಕಡಲಲ್ಲೂ ಕೆಲಸ ಮಾಡಿದರು. ಮಿಣುಕು ಹೋಗಿ ಒಂದೇ ಹೊಡೆತ ಉಳಿದರೂ ಹೆಸರು ಹಾಗೇ ಉಳಿಯಿತು. ಇದಕ್ಕೆ ಹೊಸ ಪದ ಬೇಡ ಅನ್ನುವುದು ನನ್ನ ಅನಿಸಿಕೆ. ಎಲ್ಲರೂ ಸ್ಟ್ರೋಬ್ ಅಂತಲೇ ಅನ್ನುತ್ತಾರೆ.

‘ಬ್ಯಾಕ್‌ಸ್ಕ್ಯಾಟರ್’ಗೆ ಪಠ್ಯಪುಸ್ತಕದ ದಾರಿ ಹಿಡಿದರೆ ‘ಹಿಂಚದರಿಕೆ’ ಆಗುತ್ತದೆ. ಸರಿ, ಆದರೆ ಯಾರಿಗೆ ಅರ್ಥವಾದೀತು? ನೀರಿನಲ್ಲಿ ತೇಲುವ ಕಣಗಳ ಮೇಲೆ ಲೆನ್ಸ್ ಪಕ್ಕದಿಂದಲೇ ಬೆಳಕು ಬಿದ್ದರೆ ಅದು ನೇರ ಲೆನ್ಸ್‌ಗೇ ವಾಪಸ್ ಬಂದು, ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಕದಡಿದ ನೀರಿಗೆ ‘ಬಗ್ಗಡ’ ಇದ್ದೇ ಇದೆ. ‘ಬಗ್ಗಡದ ಚುಕ್ಕೆ’ ಅಂತ ಬರೆದಿದ್ದೇನೆ. ಸ್ಟ್ರೋಬನ್ನು ಅದು ಕೂತಿರುವ ತೋಳಿನಲ್ಲಿ ಲೆನ್ಸಿನಿಂದ ದೂರ ಸರಿಸಿ, ತುಸು ಹೊರಕ್ಕೆ ತಿರುಗಿಸಿ, ಕ್ಯಾಮೆರಾದ ಫ್ಲ್ಯಾಶ್ ಕಿಟಕಿಯನ್ನು ಕಪ್ಪು ಟೇಪಿನಿಂದ ಮುಚ್ಚಿದರೆ ಚುಕ್ಕೆ ಬಹಳ ಕಡಿಮೆಯಾಗುತ್ತದೆ. ಫೈಬರ್ ಕೂರುವ ಜಾಗ ಮಾತ್ರ ಬಿಡಬೇಕು.

‘ರೀಸೈಕಲ್ ಟೈಮ್’ ಅಂದರೆ ಒಮ್ಮೆ ಹೊಡೆದ ಸ್ಟ್ರೋಬ್ ಮತ್ತೆ ಸಜ್ಜಾಗಲು ಬೇಕಾದ ಹೊತ್ತು. ‘ಮರುಬಳಕೆ’ ಅಂದರೆ ಕಸದ ಬುಟ್ಟಿ ನೆನಪಾಗುತ್ತದೆ. ‘ತುಂಬಿಕೊಳ್ಳುವ ಹೊತ್ತು’ ಸಾಕಲ್ಲ?

ನಿಜಕ್ಕೂ ಸಿಕ್ಕಿಬಿದ್ದಿರುವುದು ‘ಸ್ಲೇವ್ ಮೋಡ್’ನಲ್ಲಿ. ಒಂದು ಬೆಳಕನ್ನು ನೋಡಿ ಇನ್ನೊಂದು ಹೊಡೆಯುವುದು. ಗುಲಾಮ, ಆಳು ಇವೆರಡೂ ನನಗೆ ಬೇಡ. ‘ಹಿಂಬಾಲಕ’ ಅಂದರೆ ರಾಜಕೀಯದ ವಾಸನೆ. ‘ನೋಡಿ-ಹೊಡೆ’ ಅಂತ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಕರಾವಳಿ ಕಡೆಯವರು, ಅದರಲ್ಲೂ ಭಟ್ಕಳ-ಹೊನ್ನಾವರದವರು, ಒಬ್ಬರ ಸನ್ನೆ ನೋಡಿ ಇನ್ನೊಬ್ಬರು ಬಲೆ ಎಳೆಯುವಂಥದ್ದಕ್ಕೆ ಏನಾದರೂ ಮಾತಿದ್ದರೆ ದಯವಿಟ್ಟು ತಿಳಿಸಿ. ಮಳೆಗಾಲ ಮುಗಿದು ದೋಣಿ ಬಿಡುವುದರೊಳಗೆ ಹಾಳೆ ಅಚ್ಚಾಗಬೇಕು.