ವಿಲ್ ಪ್ರೊಬೇಟ್ ಕೋರ್ಟಲ್ಲಿ ಉಂಟು, ಮಣ್ಣಗುಡ್ಡೆಯ ಹಳೇ ಮನೆ ಈಗ ಮಾರ್ಲಿಕ್ಕೆ ಆಗ್ತದಾ?

ಹಂಚಿನಮನೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಪೂರ್ತಿ ಓದಿ ಹೇಳಿ, ಎರಡು ವರ್ಷದಿಂದ ಇದೇ ಚಿಂತೆ.

ನನ್ನ ದೊಡ್ಡಮ್ಮ, ಅಂದ್ರೆ ಅಮ್ಮನ ಅಕ್ಕ, 2023ರಲ್ಲಿ ತೀರಿಕೊಂಡ್ರು. ದೊಡ್ಡಪ್ಪ ಮೊದ್ಲೇ ಹೋಗಿದ್ರು, ಮಕ್ಕಳಿಲ್ಲ. ಮಂಗ್ಳೂರಿನ ಮಣ್ಣಗುಡ್ಡೆಯಲ್ಲಿ ದೊಡ್ಡಮ್ಮನ ಹೆಸ್ರಲ್ಲಿ 9 ಸೆಂಟ್ಸ್ ಜಾಗ, ಅದ್ರಲ್ಲಿ ಮುರಕಲ್ಲಿನ ಹಂಚಿನ ಮನೆ. ವಿಲ್ಲಲ್ಲಿ ಮನೆ ನಂಗೂ ನನ್ನ ಅಕ್ಕಂಗೂ ಸಮಪಾಲು ಅಂತ ಬರ್ದಿದ್ದಾರೆ, ಎಕ್ಸಿಕ್ಯೂಟರ್ (ವಿಲ್ಲಲ್ಲಿ ಬರ್ದ ಹಾಗೆ ನಡೆಸಿ ಕೊಡುವವ್ರು) ನಾನು. ಅಕ್ಕ ಇರೂದು ಮಸ್ಕತ್ತಲ್ಲಿ. 2024ರಲ್ಲಿ ಇಲ್ಲಿಯ ಜಿಲ್ಲಾ ಕೋರ್ಟಲ್ಲಿ ಪ್ರೊಬೇಟಿಗೆ (ವಿಲ್ ಸರಿ ಉಂಟು ಅಂತ ಕೋರ್ಟು ಕೊಡುವ ದೃಢೀಕರಣ) ಹಾಕಿದ್ವಿ, ದೊಡ್ಡಪ್ಪನ ತಮ್ಮನ ಮಕ್ಕಳು ಇಬ್ರು ಬಂದು ತಕರಾರು ಹಾಕಿದ್ರು, ಪಿ ಅಂಡ್ ಎಸ್ಸಿ (ಪ್ರೊಬೇಟ್ ಅರ್ಜಿ) ಅಂತ ಇದ್ದ ನಂಬ್ರ ಹೋಗಿ ಓಎಸ್ (ಸಿವಿಲ್ ದಾವೆ) ನಂಬ್ರ ಆಯ್ತು, ಅಲ್ಲಿಂದ ಬರೀ ಡೇಟು.

ಮನೆ ಅಷ್ಟು ಸಮಯ ಕಾಯೂದಿಲ್ಲ. ಕಳೆದ ಮಳೆಗಾಲದಲ್ಲಿ ಅಡುಗೆ ಕೋಣೆ ಮೇಲೆ ತೆಂಗಿನ ಮಡಲು ಬಿದ್ದು ನಾಲ್ಕು ಹಂಚು ಒಡ್ದದ್ದು ನಂಗೆ ಗೊತ್ತಾದದ್ದೇ ಹದಿನೈದು ದಿನ ಬಿಟ್ಟು. ಹೋಗಿ ಬಾಗ್ಲು ತೆಗ್ದು ನೋಡಿದ್ರೆ ದೊಡ್ಡಮ್ಮನ ಕಡೆಯುವ ಕಲ್ಲಿನ ಗುಂಡಿಯಲ್ಲಿ ನೀರು ನಿಂತಿದೆ, ಅದ್ರಲ್ಲಿ ಸೊಳ್ಳೆ ಮರಿ. ಪಕ್ಕಾಸಿಗೆ ಒರಲೆ ಹಿಡಿದಿದೆ, ರೀಪು ಮುಟ್ಟಿದ್ರೆ ಹುಡಿ ಹುಡಿ. ಇನ್ನೊಂದು ಮಳೆಗಾಲ ಕಂಡ್ರೆ ಮಾಡು ಕೂತುಬಿಡ್ತದೆ.

ಈಗ ಒಬ್ರು ಒಳ್ಳೆ ಪಾರ್ಟಿ ಬಂದಿದ್ದಾರೆ, ರೇಟೂ ಸರಿ ಉಂಟು, ಆದ್ರೆ ಅವ್ರು ಲೋನ್ ತೆಗೀಬೇಕು, ಬ್ಯಾಂಕಿನ ವಕೀಲ್ರು ಪ್ರೊಬೇಟ್ ಬರದೆ ಆಗೂದಿಲ್ಲ ಅಂದ್ರು. ಬ್ರೋಕರ್ ಹೇಳೂದು ಬೇರೆ: ದೊಡ್ಡಮ್ಮ ಇರುವಾಗ ನನ್ನ ಹೆಸ್ರಿಗೆ ಜಿಪಿಎ (ಅವ್ರ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ) ಮಾಡಿ ಕೊಟ್ಟಿದ್ರಲ್ಲ, ಅದ್ರಲ್ಲೇ ರಿಜಿಸ್ಟರ್ ಮಾಡಿಬಿಡಿ, ಯಾರು ಕೇಳ್ತಾರೆ ಅಂತ. ನಂಗೆ ಅದು ಸರಿ ಅನಿಸ್ತಾ ಇಲ್ಲ. ಮತ್ತೆ ಎಂತ ಮಾಡೂದು?

ಕೊಟ್ಟಾರಕ್ರಾಸ್:

ಮಂಗ್ಳೂರಲ್ಲಿ ಹಿಂದೂಗಳ ವಿಲ್ಲಿಗೆ ಪ್ರೊಬೇಟ್ ಯಾಕೆ ಬೇಕು ಮಾರಾಯ್ರೆ? ಅದು ಕಡ್ಡಾಯ ಇದ್ದದ್ದು ಬಾಂಬೆ, ಮದ್ರಾಸ್, ಕಲ್ಕತ್ತಕ್ಕೆ ಮಾತ್ರ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸ್ ಸೇರಿತ್ತು, ಅದಕ್ಕೆ ನಮ್ಗೂ ಬೇಕು ಅಂತ ಕೆಲವ್ರು ಹೇಳ್ತಾರೆ, ಅದು ತಪ್ಪು. ಮದ್ರಾಸ್ ಹೈಕೋರ್ಟಿನ ಒರಿಜಿನಲ್ ಸಿವಿಲ್ ವ್ಯಾಪ್ತಿ (ಸಿವಿಲ್ ಕೇಸು ನೇರ ಹೈಕೋರ್ಟಲ್ಲೇ ಹಾಕುವ ಪ್ರದೇಶ) ಅಂದ್ರೆ ಮದ್ರಾಸ್ ಪೇಟೆ ಮಾತ್ರ, ಇಡೀ ಪ್ರಾಂತ್ಯ ಅಲ್ಲ. ನಮ್ಮ ಅಪ್ಪನ ವಿಲ್ಲಿಗೆ ಪ್ರೊಬೇಟ್ ಇಲ್ಲದೆ ಖಾತೆ ಆಗಿದೆ. ನಿಮ್ಮ ವಕೀಲ್ರು ಸುಮ್ನೆ ಹಾಕಿಸಿದ್ದು.

ಗುಮಾಸ್ತ_ಉಡುಪಿ:

ಕೊಟ್ಟಾರದವ್ರು ಮದ್ರಾಸ್ ಬಗ್ಗೆ ಹೇಳಿದ್ದು ಸರಿ ಉಂಟು, ಆದ್ರೆ ವಕೀಲ್ರನ್ನು ದೂರುವ ಮೊದ್ಲು ಒಂದು ಕೇಳ್ಬೇಕು. ಹಂಚಿನಮನೆ ಅವ್ರೇ, ವಿಲ್ಲಿಗೆ ದೊಡ್ಡಮ್ಮ ಸಹಿ ಹಾಕಿದ್ದು ಎಲ್ಲಿ? ಮಂಗ್ಳೂರಲ್ಲಾ? ಮತ್ತೆ ಮೂಲ ಕ್ರಯಪತ್ರ ಯಾರಿಂದ ಯಾರಿಗೆ? ಕುಟುಂಬದ ಆಸ್ತಿಯಾ, ಸ್ವಂತದ್ದಾ?

ಹಂಚಿನಮನೆ:

ಸಹಿ ಹಾಕಿದ್ದು ಬೊಂಬಾಯಿಯಲ್ಲಿ ಸರ್. ದೊಡ್ಡಪ್ಪಂಗೆ ಕೆಲಸ ಅಲ್ಲೇ ಇತ್ತು, ಮಾಟುಂಗದಲ್ಲಿ ಇದ್ರು. ಸಾಕ್ಷಿ ಹಾಕಿದವ್ರು ಅಲ್ಲಿಯ ನೆರೆಮನೆಯವ್ರು ಇಬ್ರು, ಅದ್ರಲ್ಲಿ ಒಬ್ರು ಈಗ ಇಲ್ಲ. ಜಾಗ 1987ರಲ್ಲಿ ದೊಡ್ಡಪ್ಪನ ತಮ್ಮ ದೊಡ್ಡಮ್ಮನ ಹೆಸ್ರಿಗೇ ಕ್ರಯ ಮಾಡಿ ಕೊಟ್ಟದ್ದು, ರಿಜಿಸ್ಟರ್ಡ್. ಈಗ ತಕರಾರು ಹಾಕಿದ್ದು ಆ ತಮ್ಮನ ಮಕ್ಕಳೇ.

ಗುಮಾಸ್ತ_ಉಡುಪಿ:

ನೋಡಿ, ಗಂಟು ಇರೂದು ಅಲ್ಲಿ. ಬೊಂಬಾಯಿ ಪೇಟೆ ಒಳಗೆ ಬರ್ದ ಹಿಂದೂ ವಿಲ್ ಆದ್ರೆ ಆಸ್ತಿ ಎಲ್ಲೇ ಇರ್ಲಿ, ನೀವು ಹಾಕುವ ಹೊತ್ತಿಗೆ ಪ್ರೊಬೇಟ್ ಬೇಕೇ ಬೇಕಿತ್ತು, ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ ಸೆಕ್ಷನ್ 57 ಮತ್ತೆ 213 ಒಟ್ಟಿಗೆ ಓದಿದ್ರೆ ಗೊತ್ತಾಗ್ತದೆ. ಅದೇ ವಿಲ್ಲು ಮಂಗ್ಳೂರಲ್ಲಿ ಕೂತು ಬರ್ದಿದ್ರೆ ಬೇಡ ಇತ್ತು. 2025ರ ಡಿಸೆಂಬರಲ್ಲಿ ಸಂಸತ್ತು 213ನ್ನು ತೆಗ್ದು ಹಾಕಿತು, ಹಾಗಾಗಿ ಇನ್ನು ಮುಂದೆ ಈ ಕಡ್ಡಾಯ ಇಲ್ಲ, ಆದ್ರೆ ಅದನ್ನು ನಂಬಿ ನಿಮ್ಮ ಕೇಸು ವಾಪಸ್ ತಗೊಳ್ಬೇಡಿ. ವಿಲ್ಲೇ ಸರಿ ಇಲ್ಲ ಅಂತ ಹೇಳುವವ್ರು ಎದುರು ನಿಂತಿದ್ದಾರೆ, ಹಾಗಿರುವಾಗ ಕೋರ್ಟಿನ ಮುದ್ರೆ ಇಲ್ಲದೆ ಯಾವ ಬ್ಯಾಂಕೂ ಲೋನ್ ಕೊಡೂದಿಲ್ಲ. ಮಂಗ್ಳೂರಲ್ಲಿ ಹಾಕಿದ್ದೂ ಸರಿಯೇ, ಆಸ್ತಿ ಇರುವ ಜಿಲ್ಲೆಯ ಕೋರ್ಟಿಗೆ ಆ ಅಧಿಕಾರ ಉಂಟು.

ಜಿಪಿಎ ವಿಷಯ ಒತ್ತಿ ಹೇಳ್ತೇನೆ: ಅದನ್ನು ಮುಟ್ಲೇಬೇಡಿ. ಕೊಟ್ಟವ್ರು ತೀರಿಕೊಂಡ ಕ್ಷಣಕ್ಕೇ ಜಿಪಿಎ ಸತ್ತ ಹಾಗೆ. ತೀರಿಕೊಂಡದ್ದು ಗೊತ್ತಿದ್ದೂ ಅದ್ರಲ್ಲಿ ಕ್ರಯ ಮಾಡಿದ್ರೆ ನಾಳೆ ಕ್ರಿಮಿನಲ್ ಕೇಸು ಬೀಳೂದು ನಿಮ್ಮ ಮೇಲೆ, ಬ್ರೋಕರ್ ಮೇಲೆ ಅಲ್ಲ. ಇನ್ನು ಕೆಲವ್ರು ವಿಲ್ಲನ್ನು ಅಡಗಿಸಿ ವಂಶವೃಕ್ಷ ಮಾಡಿಸಿ ಖಾತೆ ಮಾಡಿಸುವ ಅಂತಲೂ ಬರ್ತಾರೆ. ವಂಶವೃಕ್ಷದ ಪ್ರಕಾರ ಹೋದ್ರೆ ನಿಮ್ಗೆ ಒಂದು ಹಂಚು ಸಹ ಬರೂದಿಲ್ಲ. ಹೆಂಗಸು ಮಕ್ಕಳಿಲ್ಲದೆ, ಗಂಡನೂ ಇಲ್ಲದೆ, ವಿಲ್ಲೂ ಇಲ್ಲದೆ ತೀರಿಕೊಂಡ್ರೆ ಅವ್ರು ಕ್ರಯಕ್ಕೆ ತಗೊಂಡ ಆಸ್ತಿ ಹೋಗೂದು ಗಂಡನ ಕಡೆಯವ್ರಿಗೆ, ಹಿಂದೂ ಉತ್ತರಾಧಿಕಾರ ಕಾಯ್ದೆ 15ನೇ ಸೆಕ್ಷನ್. ತಕರಾರು ಹಾಕಿದವ್ರಿಗೆ ಇದು ಚೆನ್ನಾಗಿ ಗೊತ್ತುಂಟು. ನಿಮ್ಗೆ ಇರೂದು ವಿಲ್ ಒಂದೇ, ಅದನ್ನು ಗಟ್ಟಿ ಮಾಡೂದೇ ಕೆಲಸ.

ಈಗ ಮಾರ್ಬಹುದಾ ಅಂತ ಕೇಳಿದ್ರಿ. ಎಕ್ಸಿಕ್ಯೂಟರಿಗೆ ಅಧಿಕಾರ ಬರೂದು ವಿಲ್ಲಿಂದ, ಪ್ರೊಬೇಟ್ ಅದಕ್ಕೆ ಪುರಾವೆ. ವಿಲ್ಲಲ್ಲಿ ಮಾರ್ಬಾರ್ದು ಅಂತ ಏನಾದ್ರೂ ಬರ್ದಿದ್ರೆ ಪ್ರೊಬೇಟ್ ಸಿಕ್ಕಿದ ಮೇಲೂ ಕೋರ್ಟಿನ ಪರ್ಮಿಶನ್ ಬೇಕು, ಅದೇ 1925ರ ಕಾಯ್ದೆಯ 307ನೇ ಸೆಕ್ಷನ್, ಅದಕ್ಕೆ ವಿಲ್ಲನ್ನು ಇನ್ನೊಮ್ಮೆ ಸಾಲು ಸಾಲು ಓದಿ. ಹಾಗೆ ಏನೂ ಇಲ್ಲ ಅಂತಾದ್ರೆ ಪ್ರೊಬೇಟ್ ಬಂದ ಮೇಲೆ ನೀವು ಮಾರ್ಲಿಕ್ಕೆ ತೊಂದ್ರೆ ಇಲ್ಲ. ಎಕ್ಸಿಕ್ಯೂಟರ್ ಹೆಸ್ರೇ ಇಲ್ಲದ ವಿಲ್ಲಾಗಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್ (ಆಸ್ತಿ ನೋಡಿಕೊಳ್ಲಿಕ್ಕೆ ಕೋರ್ಟು ಕೊಡುವ ಅಧಿಕಾರಪತ್ರ) ತಗೊಂಡಿದ್ರೆ ಮಾತ್ರ ಕೋರ್ಟಿಗೆ ಕೇಳದೆ ಮಾರುವ ಹಾಗಿಲ್ಲ, ನಿಮ್ಮದು ಹಾಗಲ್ಲ. ಸದ್ಯಕ್ಕೆ ಕ್ರಯಪತ್ರ ಬೇಡ, ಅಗ್ರಿಮೆಂಟ್ ಮಾತ್ರ ಮಾಡಿ.

ಇನ್ನೊಂದು, ಆ ಉಳಿದ ಸಾಕ್ಷಿಯ ಪ್ರಾಯ ಎಷ್ಟು? ಅವ್ರ ಹೇಳಿಕೆ ಮೊದ್ಲು ಆಗ್ಲಿ. ಬೇರೆ ಎಲ್ಲಾ ಕಾಯ್ತದೆ, ಇದು ಕಾಯೂದಿಲ್ಲ. ಬರ್ಲಿಕ್ಕೆ ಕಷ್ಟ ಆದ್ರೆ ಕಮಿಷನ್ (ಕೋರ್ಟು ನೇಮಿಸಿದವ್ರು ಅವ್ರಿದ್ದಲ್ಲಿಗೇ ಹೋಗೂದು) ಮೂಲಕ ಅಥವಾ ವಿಡಿಯೋ ಕಾನ್ಫರೆನ್ಸಲ್ಲಿ ತಗೊಳ್ಳಿ ಅಂತ ಅರ್ಜಿ ಹಾಕ್ಲಿಕ್ಕೆ ವಕೀಲ್ರಿಗೆ ಇವತ್ತೇ ಹೇಳಿ.

ಬಿಜೈ_ಅಕ್ಕ:

ನಮ್ಮ ಅತ್ತೆಯ ಮನೆ ಮಾರುವಾಗ ಇದೇ ಪರಿಸ್ಥಿತಿ ಇತ್ತು, ಅಗ್ರಿಮೆಂಟ್ ಹೇಗೆ ಮಾಡಿದ್ವಿ ಅಂತ ಹೇಳ್ತೇನೆ ತಮ್ಮಾ. ಕೇಸು ನಂಬ್ರ ಹಾಕಿ, ಕೇಸು ಉಂಟು ಅಂತ ಪಾರ್ಟಿಗೆ ಗೊತ್ತುಂಟು ಅಂತ ಸ್ಪಷ್ಟ ಬರ್ಸಿದ್ವಿ. ಪ್ರೊಬೇಟ್ ಸಿಕ್ಕಿ ಖಾತೆ ಬದಲಾಗಿ ಇಷ್ಟು ದಿನದೊಳಗೆ ರಿಜಿಸ್ಟ್ರೇಶನ್, ಇಂಥಾ ತಾರೀಕಿನೊಳಗೆ ಸಿಗದಿದ್ರೆ ಅಡ್ವಾನ್ಸ್ ಹಾಗೇ ವಾಪಸ್, ಬಡ್ಡಿ ಇಲ್ಲ, ದಂಡ ಇಲ್ಲ. ಅಡ್ವಾನ್ಸ್ ಕಮ್ಮಿಯೇ ತಗೊಳ್ಳಿ, ಬ್ಯಾಂಕ್ ಮೂಲಕವೇ ತಗೊಳ್ಳಿ, ಜಾಗದ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಮೇಲೆ ಕ್ಯಾಶ್ ತಗೊಳ್ಳೂದು ಇನ್‌ಕಮ್ ಟ್ಯಾಕ್ಸಿನಲ್ಲಿ ತಪ್ಪು. ಆ ದುಡ್ಡನ್ನು ಮುಟ್ಬೇಡಿ, ಬೇರೆ ಅಕೌಂಟಲ್ಲಿ ಇಡಿ. ನಾವು ಅದ್ರಲ್ಲಿ ಮಗಳ ಫೀಸು ಕಟ್ಟಿ ಆಮೇಲೆ ವಾಪಸ್ ಕೊಡ್ಲಿಕ್ಕೆ ಬಂದಾಗ ಚಿನ್ನ ಅಡವು ಇಟ್ಟದ್ದು. ಬೀಗದ ಕೈಯೂ ಕೊಡ್ಬೇಡಿ, ಒಮ್ಮೆ ಒಳಗೆ ಕೂತವ್ರನ್ನು ಎಬ್ಬಿಸೂದು ಸುಲಭ ಅಲ್ಲ.

ಅಕ್ಕನ ಪವರ್ ಆಫ್ ಅಟಾರ್ನಿ ಈಗ್ಲೇ ಮಾಡ್ಸಿ. ಮಸ್ಕತ್ತಿನ ನಮ್ಮ ಎಂಬೆಸಿಯಲ್ಲಿ ಸಹಿ ಆಗ್ಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಬೇಕು, ಆ ಮೂರು ತಿಂಗಳು ಎಷ್ಟೋ ಜನರಿಗೆ ಮರ್ತೇ ಹೋಗ್ತದೆ. ರೇಟು 50 ಲಕ್ಷ ಅಥವಾ ಅದಕ್ಕಿಂತ ಮೇಲೆ ಇದ್ರೆ ನಿಮ್ಮ ಪಾಲಿಗೆ ಪಾರ್ಟಿ 1% ಟಿಡಿಎಸ್ ಹಿಡೀಬೇಕು, ಅಕ್ಕ ಎನ್‌ಆರ್‌ಐ ಅಲ್ವಾ, ಅವ್ರ ಪಾಲಿಗೆ ರೂಲೇ ಬೇರೆ, ಜಾಸ್ತಿ ಹಿಡೀತಾರೆ. ಕೊನೆ ದಿನ ಇದ್ರಲ್ಲೇ ಜಗಳ ಆಗೂದು, ಮೊದ್ಲೇ ಸಿಎ ಹತ್ರ ಕೂತು ಮಾತಾಡಿ.

ಮತ್ತೆ ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಆ ಮಕ್ಕಳ ಹತ್ರ ನೀನು ಒಮ್ಮೆಯಾದ್ರೂ ಮನೆಗೆ ಹೋಗಿ ಮಾತಾಡಿದ್ದೀಯಾ? ನೋಟಿಸು ಬಿಟ್ಟು?

ಹಂಚಿನಮನೆ:

ಇಲ್ಲ ಅಕ್ಕ. ದೊಡ್ಡಮ್ಮನ ಬೊಜ್ಜದ (ಉತ್ತರಕ್ರಿಯೆಯ) ದಿನ ನೋಡಿದ್ದೇ ಕೊನೆ. ಕೋರ್ಟಲ್ಲಿ ಎದುರು ಸಿಕ್ಕಿದ್ರೂ ಆ ಕಡೆ ಈ ಕಡೆ ನೋಡಿ ಹೋಗೂದು.

ಹಂಚಿನಮನೆ: (ಮೂರು ವಾರದ ನಂತರ)

ಮೊನ್ನೆ ಭಾನುವಾರ ಬಿಜೈ ಅಕ್ಕನ ಮಾತು ಕೇಳಿ ಅವ್ರ ಮನೆಗೆ ಹೋದೆ. ದೊಡ್ಡ ಅಣ್ಣ ಬಾಗ್ಲಲ್ಲೇ ನಿಂತು ಐದು ನಿಮಿಷ ಎಂತದೂ ಹೇಳ್ಲಿಲ್ಲ, ಅತ್ತಿಗೆ ಒಳಗಿಂದ ಬಂದು ಕೂತ್ಕೊಳ್ಳಿ ಅಂದ್ರು, ಬೆಲ್ಲ ನೀರು ಕೊಟ್ರು. ಆಮೇಲೆ ಅವ್ರು ಹೇಳಿದ್ದು ಕೇಳಿ ನಂಗೆ ಮಾತೇ ಹೊರಡ್ಲಿಲ್ಲ. ಅವ್ರ ಚಿಂತೆ ದುಡ್ಡಿನದ್ದಲ್ಲ. ಆ ಜಾಗದ ಹಿಂದಿನ ಮೂಲೆಯಲ್ಲಿ, ಬಾವಿ ದಾಟಿ, ನಾಗನ ಕಲ್ಲು ಉಂಟು. ಅದು ಅವ್ರ ಅಜ್ಜನ ಕಾಲದ್ದು, ಕ್ರಯ ಮಾಡಿ ಕೊಡುವಾಗ ಅವ್ರಪ್ಪ ಬಾಯಿಮಾತಲ್ಲಿ "ತನು ಹಾಕ್ಲಿಕ್ಕೆ ನಾವು ಬರ್ತೇವೆ" (ತನು ಅಂದ್ರೆ ನಾಗನಿಗೆ ಹಾಲೆರೆಯೂದು) ಅಂತ ಹೇಳಿದ್ರಂತೆ, ದೊಡ್ಡಮ್ಮ ಇರುವವರೆಗೆ ಪ್ರತಿ ನಾಗರಪಂಚಮಿಗೆ ಅವ್ರೇ ಗೇಟು ತೆಗ್ದು ಕಾಯ್ತಿದ್ರಂತೆ. ದೊಡ್ಡಮ್ಮ ಹೋದ ಮೇಲೆ ನಾನು ಗೇಟಿಗೆ ಹೊಸ ಬೀಗ ಹಾಕಿದೆ. ಎರಡು ವರ್ಷ ಪಂಚಮಿಗೆ ಅವ್ರು ಹೊರಗೆ ರೋಡಲ್ಲಿ ನಿಂತು ಕೈಮುಗ್ದು ವಾಪಸ್ ಹೋಗಿದ್ದಾರೆ. ನಂಗೆ ಗೊತ್ತೇ ಇಲ್ಲ.

ಜಾಗ ಮಾರಿದ್ರೆ ಬಿಲ್ಡರ್ ಬಂದು ಕಲ್ಲು ಕಿತ್ತು ಬಿಸಾಡಿದ್ರೆ ಅಂತ ಹೆದ್ರಿ ಕೋರ್ಟಿಗೆ ಹೋದದ್ದು ಅಂದ್ರು. ಅವ್ರಿಬ್ರು ಬಿಟ್ಟು ಇನ್ನೊಬ್ಬ ತಮ್ಮ ಪುಣೆಯಲ್ಲಿದ್ದಾನೆ, ಅವ್ನಿಗೆ ಕಳ್ಸಿದ ನೋಟಿಸು ಎರಡು ಸಲ ವಾಪಸ್ ಬಂದಿತ್ತು, ಅವ್ನ ಈಗಿನ ವಿಳಾಸವನ್ನೂ ಅವ್ರೇ ಬರ್ದು ಕೊಟ್ರು.

ಗುಮಾಸ್ತ ಸರ್, ನಾಗನ ಕಲ್ಲಿನ ವಿಷಯವನ್ನು ಕಾಗದದಲ್ಲಿ ಹೇಗೆ ಹಿಡಿಯೂದು?

ಗುಮಾಸ್ತ_ಉಡುಪಿ:

ಒಳ್ಳೆ ಕೆಲಸ ಮಾಡಿದ್ರಿ. ನಮ್ಮ ಊರಲ್ಲಿ ಇದು ಹೊಸತಲ್ಲ, ಎಷ್ಟೋ ಹಳೇ ಕ್ರಯಪತ್ರದಲ್ಲಿ ನಾಗಬನಕ್ಕೆ, ದೈವದ ಗುಡಿಗೆ ಹೋಗುವ ದಾರಿ ಬಿಟ್ಟು ಬರ್ದಿದ್ದಾರೆ. ಬಾಯಿಮಾತು ಬೇಡ. ಕಲ್ಲು ಇರುವ ಮೂಲೆ ಅಳ್ದು, ಗೇಟಿಂದ ಅಲ್ಲಿಗೆ ಎಷ್ಟು ಅಡಿ ಅಗಲದ ದಾರಿ ಅಂತ ಸ್ಕೆಚ್ ಮಾಡ್ಸಿ, ಅಗ್ರಿಮೆಂಟಲ್ಲೂ ಹಾಕಿ, ನಾಳೆ ಕ್ರಯಪತ್ರದ ಶೆಡ್ಯೂಲಲ್ಲೂ ಹಾಕಿ, ಸ್ಕೆಚ್ಚನ್ನು ಅದಕ್ಕೇ ಲಗತ್ತಿಸಿ. ಈ ಕುಟುಂಬದವ್ರಿಗೆ ತನು-ತಂಬಿಲಕ್ಕೆ ಬಂದು ಹೋಗುವ ಹಕ್ಕು, ಕಲ್ಲನ್ನು ಅವ್ರ ಒಪ್ಪಿಗೆ ಇಲ್ಲದೆ ಕದಲಿಸುವ ಹಾಗಿಲ್ಲ ಅಂತ. ತಗೊಳ್ಳುವ ಪಾರ್ಟಿಗೆ ಸಹಿ ಹಾಕುವ ಮೊದ್ಲು ಜಾಗದಲ್ಲೇ ನಿಲ್ಸಿ ತೋರ್ಸಿ.

ಮತ್ತೆ ಅವ್ರು ತಕರಾರು ಹಿಂದೆ ತಗೊಂಡ್ರೆ ಕೇಸು ಮುಗೀತು ಅಂತ ಅಲ್ಲ. ಎದುರಾಳಿ ಒಪ್ಪಿದ್ರೂ ವಿಲ್ಲನ್ನು ಸಾಕ್ಷಿ ಹೇಳಿಸಿ ಸಾಬೀತು ಮಾಡ್ಲೇಬೇಕು. ಪುಣೆಯ ತಮ್ಮನಿಗೂ ನೋಟಿಸು ಮುಟ್ಲೇಬೇಕು, ಇಲ್ಲದಿದ್ರೆ ನಾಳೆ ಅವ್ನು ಬಂದು ಪ್ರೊಬೇಟ್ ರದ್ದು ಮಾಡಿ ಅಂತ ಕೇಳ್ಬಹುದು. ಪ್ರೊಬೇಟ್ ಸಿಕ್ಕಿದ ಮೇಲೆ ಆರು ತಿಂಗಳೊಳಗೆ ಆಸ್ತಿ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡ್ಲಿಕ್ಕುಂಟು, ಅದನ್ನೂ ಈಗ್ಲೇ ಬರ್ದಿಡಿ.

ಕೊಟ್ಟಾರಕ್ರಾಸ್:

ನಾನು ಮೊದ್ಲು ಆತುರದಲ್ಲಿ ಬರ್ದೆ, ಬೊಂಬಾಯಿ ವಿಲ್ಲಿನ ವಿಷಯ ಗೊತ್ತಿರ್ಲಿಲ್ಲ, ಕ್ಷಮಿಸಿ. ಪ್ರೊಬೇಟ್ ಬಂದ ಕೂಡ್ಲೇ ಪಾಲಿಕೆಯಲ್ಲಿ ಖಾತೆ ಬದಲಾಯಿಸಿ ಈ-ಖಾತಾ ಮಾಡ್ಸಿಕೊಳ್ಳಿ, ಅದಿಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಈಗ ನೋಂದಣಿ ಮುಂದೆ ಹೋಗೂದಿಲ್ಲ. ಮನೆ ತೆರಿಗೆ ಬಾಕಿ ಇದ್ರೆ ಅದನ್ನೂ ಈಗ್ಲೇ ಕಟ್ಟಿ.

ಹಂಚಿನಮನೆ: (ಏಪ್ರಿಲ್)

ಅಪ್‌ಡೇಟ್. ಅಣ್ಣಂದಿರು ಇಬ್ರೂ ತಕರಾರು ಹಿಂದೆ ತಗೊಂಡು ಮೆಮೋ ಹಾಕಿದ್ರು. ಪುಣೆಯ ತಮ್ಮ ನೋಟಿಸು ತಗೊಂಡು ಆಕ್ಷೇಪಣೆ ಇಲ್ಲ ಅಂತ ಬರ್ದು ಕಳ್ಸಿದ. ಮಾಟುಂಗದ ಸಾಕ್ಷಿ ಅಜ್ಜನ ಹೇಳಿಕೆ ವಿಡಿಯೋದಲ್ಲಿ ಆಯ್ತು, ಅವ್ರು ದೊಡ್ಡಮ್ಮನ ಸಹಿ ನೋಡಿದ ಕೂಡ್ಲೇ "ಅಕ್ಕನದ್ದೇ, ಕೊನೆಗೆ ಹೀಗೆ ಒಂದು ಗೆರೆ ಎಳೀತಿದ್ರು" ಅಂತ ಹೇಳಿದ್ರು. ಈಗ ಆರ್ಡರ್ಸಿಗೆ ಇಟ್ಟಿದ್ದಾರೆ. ಅಗ್ರಿಮೆಂಟ್ ಬಿಜೈ ಅಕ್ಕ ಹೇಳಿದ ಹಾಗೆಯೇ ಆಯ್ತು, ಪಾರ್ಟಿಯವ್ರು ನಾಗನ ಮೂಲೆಗೆ ಅವ್ರ ಅಮ್ಮನನ್ನೇ ಕರ್ಕೊಂಡು ಬಂದು ನೋಡಿ ಒಪ್ಪಿದ್ರು.

ಮಳೆ ಬರುವ ಮೊದ್ಲು ಅಡುಗೆ ಕೋಣೆಯ ಒಡ್ದ ಹಂಚು ತೆಗ್ದು ಬೇರೆ ಹಾಕ್ಸಿದೆ, ಉಳಿದ ಮಾಡಿಗೆ ಟರ್ಪಾಲು ಕಟ್ಟಿದ್ದೇವೆ, ದೊಡ್ಡ ಅಣ್ಣನೇ ಏಣಿ ಹಿಡಿದದ್ದು. ಗೇಟಿನ ಬೀಗಕ್ಕೆ ಎರಡನೇ ಕೀ ಮಾಡ್ಸಿ ಅವ್ರಿಗೆ ಕೊಟ್ಟೆ.