ಬಿತ್ತದ ಗೋಧಿಗೆ ಸಹಾಯಧನ ಸಂದದ್ದು ಹೇಗೆ?

ಪ್ರಶ್ನೆ:
ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಗ್ರಾಮೀಣ ಕೌಂಟಿಯಲ್ಲಿ ರೈತರಿಗೆ ಸಂದ ಸರ್ಕಾರಿ ಹಣದ ಪಟ್ಟಿಯನ್ನು ಅಧ್ಯಯನಕ್ಕಾಗಿ ಓದುತ್ತಿದ್ದೇನೆ. ಬಹುಕಾಲದಿಂದ ಸೋಯಾ ಮಾತ್ರ ಬೆಳೆಯುತ್ತಿರುವ ಒಂದು ಜಮೀನಿಗೆ 2021ರಲ್ಲಿ ಗೋಧಿಯ ಲೆಕ್ಕದಲ್ಲಿ ಹಣ ಸಂದಿದೆ. ಮುಂದಿನ ಎರಡು ವರ್ಷ ಆ ಲೆಕ್ಕದಲ್ಲಿ ಒಂದು ಡಾಲರ್ ಕೂಡ ಬಂದಿಲ್ಲ. ಇದು ದಾಖಲೆಯ ದೋಷವೇ, ಅಥವಾ ನಿಯಮವೇ ಹೀಗಿದೆಯೇ?

ಉತ್ತರ:
ದೋಷವಲ್ಲ. ಈ ಹಣ ಸಲ್ಲುವುದು ಈಗ ಹೊಲದಲ್ಲಿರುವ ಬೆಳೆಗಲ್ಲ, ಆ ಜಮೀನಿನ ಹೆಸರಿನಲ್ಲಿ ಹಿಂದೆಯೇ ದಾಖಲಾಗಿರುವ ‘ಬೇಸ್ ಎಕರೆ’ಗೆ. ಹಿಂದಿನ ವರ್ಷಗಳ ಬಿತ್ತನೆಯ ಆಧಾರದ ಮೇಲೆ ಇಷ್ಟು ಎಕರೆ ಗೋಧಿ, ಇಷ್ಟು ಎಕರೆ ಮೆಕ್ಕೆಜೋಳ ಎಂದು ಒಮ್ಮೆ ನಿಗದಿಯಾದರೆ, ರೈತ ಆಮೇಲೆ ಬೇರೇನನ್ನು ಬಿತ್ತಿದರೂ ಆ ದಾಖಲೆ ಜಮೀನಿನೊಂದಿಗೇ ಉಳಿಯುತ್ತದೆ. 2014ರ ಕೃಷಿ ಕಾಯ್ದೆಯು 2009ರಿಂದ 2012ರವರೆಗಿನ ಬಿತ್ತನೆಗೆ ಅನುಗುಣವಾಗಿ ಅದನ್ನು ಬೆಳೆಗಳ ನಡುವೆ ಮರುಹಂಚಿಕೆ ಮಾಡಿಕೊಳ್ಳಲು ಒಂದು ಅವಕಾಶವನ್ನು ಕೊಟ್ಟಿತ್ತು. ನಿಮ್ಮ ಪಟ್ಟಿಯಲ್ಲಿರುವ ಮಾಲೀಕರು ಅದನ್ನು ಬಳಸಿಕೊಳ್ಳದೆ ಹಳೆಯ ಗೋಧಿಯ ಲೆಕ್ಕವನ್ನೇ ಉಳಿಸಿಕೊಂಡಿರಬಹುದು.

ಮೊತ್ತದ ಏರಿಳಿತಕ್ಕೆ ಕಾರಣ ಬೆಲೆ. ಬೆಲೆ ನಷ್ಟ ಪರಿಹಾರ ಯೋಜನೆಯಲ್ಲಿ ಗೋಧಿಗೆ ಆಗ ಶಾಸನವೇ ಗೊತ್ತುಪಡಿಸಿದ್ದ ಆಧಾರ ಬೆಲೆ ಸುಮಾರು 27 ಕಿಲೋ ತೂಗುವ ಒಂದು ಬುಷೆಲ್‌ಗೆ 5.50 ಡಾಲರ್. 2020ರ ಬೆಳೆಯ ರಾಷ್ಟ್ರೀಯ ಸರಾಸರಿ ಬೆಲೆ 5.05 ಡಾಲರ್ ಆಗಿದ್ದರಿಂದ ಬುಷೆಲ್ಲಿಗೆ 45 ಸೆಂಟ್ ಕೊರತೆ ಬಿತ್ತು. ಈ ಕೊರತೆಯನ್ನೇ ಯೋಜನೆ ತುಂಬಿಕೊಡುತ್ತದೆ. ಜಮೀನಿನ ದಾಖಲಿತ ಇಳುವರಿ ಎಕರೆಗೆ 40 ಬುಷೆಲ್ ಎಂದಿಟ್ಟುಕೊಂಡರೆ, ಬೇಸ್ ಎಕರೆಯ ಶೇ. 85ರಷ್ಟಕ್ಕೆ ಮಾತ್ರ ಹಣ ಸಲ್ಲುವುದರಿಂದ, ಕಡಿತಗಳಿಗೆ ಮುನ್ನ ನೂರು ಎಕರೆಗೆ 1,530 ಡಾಲರ್ ಆಗುತ್ತದೆ. ಮಾರಾಟ ವರ್ಷ ಮುಗಿದ ನಂತರ, ಅಂದರೆ ಮರುವರ್ಷದ ಅಕ್ಟೋಬರ್‌ನಿಂದ ಪಾವತಿಯಾಗುವುದರಿಂದ ಅದು 2021ರ ಪಟ್ಟಿಯಲ್ಲಿ ಕಾಣುತ್ತದೆ. ಅನಂತರದ ಎರಡು ಬೆಳೆಗಳಿಗೆ ಗೋಧಿಯ ಬೆಲೆ 5.50 ಡಾಲರನ್ನು ಬಹಳವಾಗಿ ಮೀರಿತ್ತು, ಉಕ್ರೇನ್ ಯುದ್ಧವೂ ಅದಕ್ಕೆ ಒಂದು ಕಾರಣ. ಆದುದರಿಂದ ಕೊರತೆಯೂ ಇಲ್ಲ, ಹಣವೂ ಇಲ್ಲ. 2025ರ ಕಾಯ್ದೆ ಆಧಾರ ಬೆಲೆಯನ್ನು 6.35 ಡಾಲರ್‌ಗೆ ಏರಿಸಿರುವುದರಿಂದ ಮುಂದಿನ ಪಟ್ಟಿಗಳನ್ನು ಹಳೆಯವುಗಳೊಡನೆ ನೇರವಾಗಿ ಹೋಲಿಸಬೇಡಿ.

ಇನ್ನೊಂದು ಉತ್ತರ:
ಹಣ ಪಡೆದವರು ಯಾರು ಎಂಬುದನ್ನೂ ಗಮನಿಸಿ. ನಗದು ಗೇಣಿಗೆ ಕೊಟ್ಟ ಜಮೀನಾದರೆ ಈ ಹಣ ಉಳುವ ಗೇಣಿದಾರನಿಗೆ ಸೇರುತ್ತದೆ. ಪಾಲಿನ ಬೇಸಾಯವಾದರೆ ಮಾಲೀಕನಿಗೂ ಭಾಗ ಸಿಗುತ್ತದೆ, ಆತ ದೂರದ ನಗರದಲ್ಲಿದ್ದರೂ ಸರಿಯೆ. ಆದರೆ ನಗದು ಗೇಣಿ ನಿಗದಿಪಡಿಸುವಾಗ ಮಾಲೀಕರು ಈ ನಿರೀಕ್ಷಿತ ಹಣವನ್ನೂ ಎಣಿಸಿಯೇ ದರ ಹೇಳುತ್ತಾರಾದ್ದರಿಂದ, ಕಾಗದದಲ್ಲಿ ಗೇಣಿದಾರನಿಗೆ ಬಂದ ಹಣವೆಲ್ಲ ಅವನ ಕೈಯಲ್ಲೇ ಉಳಿಯಿತೆಂದು ತಿಳಿಯುವುದು ತಪ್ಪಾದೀತು. ಆಗ ಈ ಹಣಕ್ಕೆ ತಲಾ ಮಿತಿ 1,25,000 ಡಾಲರ್ ಇದ್ದರೂ, ಹಲವರು ಜೊತೆಗೂಡಿ ನಡೆಸುವ ಸಾಮಾನ್ಯ ಪಾಲುದಾರಿಕೆ ಸಂಸ್ಥೆಯ ಪ್ರತಿ ಅರ್ಹ ಸದಸ್ಯನಿಗೆ ಪ್ರತ್ಯೇಕ ಮಿತಿ ಇತ್ತು. ದೊಡ್ಡ ಜಮೀನುಗಳು ಪಟ್ಟಿಯ ಮೇಲ್ತುದಿಯಲ್ಲಿರುವುದಕ್ಕೆ ಎಕರೆಗಳ ಜೊತೆಗೆ ಇದೂ ಒಂದು ಕಾರಣ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬೆಳೆ ವಿಮೆಯ ಹಣ ಇದೇ ಮೊತ್ತದಲ್ಲಿ ಸೇರಿದೆಯೇ?

ಮೊದಲ ಉತ್ತರದವರು:
ಇಲ್ಲ. ವಿಮೆಯ ಕಂತಿನಲ್ಲಿ ಸರ್ಕಾರ ಭರಿಸುವ ಪಾಲನ್ನು ರೈತರ ಹೆಸರಿನೊಂದಿಗೆ ಪ್ರಕಟಿಸುವುದಿಲ್ಲ, ಅದಕ್ಕೆ ಈ ತಲಾ ಮಿತಿಯೂ ಅನ್ವಯಿಸುವುದಿಲ್ಲ. ಕೌಂಟಿಯ ಒಟ್ಟು ಅಂಕಿಯನ್ನು ಬೇರೆಯಾಗಿ ತೆಗೆದು, ನಿಮ್ಮ ಕೋಷ್ಟಕದಲ್ಲಿ ಬೇರೆ ಅಂಕಣದಲ್ಲೇ ಇಡಿ.